ಬಿಲ್ಲೆಯ ಹಿಂದಿನ ಮುದ್ರೆಯನ್ನು ನಂಬಬಹುದೇ?

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರಂತೆ ಸೈನಿಕರ ಟೋಪಿಯ ಬಿಲ್ಲೆಗಳನ್ನು ಸಂಗ್ರಹಿಸುವವರೂ ಉಂಟು. ಬ್ರಿಟಿಷ್ ಸೈನ್ಯದ ಹಳೆಯ ಬಿಲ್ಲೆಗಳಲ್ಲಿ ಕೆಲವಕ್ಕೆ ಹೆಚ್ಚಿನ ಬೆಲೆ ಬಂದಿರುವುದರಿಂದ ನಕಲಿಗಳೂ ಹುಟ್ಟಿಕೊಂಡಿವೆ. ಹಿಂಬದಿಯಲ್ಲಿ ತಯಾರಕರ ಹೆಸರನ್ನು ಕಂಡೊಡನೆ ಬಿಲ್ಲೆಯು ಅಸಲಿಯೆಂದು ನಂಬಬಹುದೇ? ವಿಚಾರ ಮಾಡಿ ನೋಡೋಣ.

ಜೆ. ಆರ್. ಗಾಂಟ್ ಎಂಬುದು ಬರ್ಮಿಂಗ್‌ಹ್ಯಾಮ್ ನಗರದ ಹೆಸರಾಂತ ತಯಾರಕ ಸಂಸ್ಥೆಯಾಗಿತ್ತು. ಅದರ ಅನೇಕ ಬಿಲ್ಲೆಗಳ ಮೇಲೆ ‘ಜೆ. ಆರ್. ಗಾಂಟ್, ಲಂಡನ್’ ಎಂಬ ಚಿಕ್ಕ ಮುದ್ರೆಯಿದೆ. ನಕಲಿಗಳ ಮೇಲೂ ಇದೇ ಹೆಸರು ಕಾಣಿಸುತ್ತದೆ. ಇಡೀ ಬಿಲ್ಲೆಯನ್ನು ಚೆನ್ನಾಗಿ ತಯಾರಿಸುವುದು ಕಷ್ಟ. ನಾಲ್ಕಕ್ಷರ ಒತ್ತುವುದು ಸುಲಭ. ಆದುದರಿಂದ ಮುದ್ರೆಯು ಒಂದು ಹೇಳಿಕೆಯೇ ಹೊರತು ಪ್ರಮಾಣವಲ್ಲ. ಉಳಿದ ಸಾಕ್ಷಿಗಳು ಅದನ್ನು ಸಮರ್ಥಿಸಬೇಕು.

ಮೊದಲನೆಯ ಸಾಕ್ಷಿ ತಯಾರಿಕೆಯ ವಿಧಾನ. ಅಸಲಿ ಬಿಲ್ಲೆಗಳಲ್ಲಿ ಹೆಚ್ಚಿನವು ಲೋಹದ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಬಲವಾಗಿ ಒತ್ತಿ ಮಾಡಿದವು. ಅವುಗಳ ಗೆರೆಗಳು ಸ್ಫುಟವಾಗಿರುತ್ತವೆ. ಅಸಲಿಯನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ಅದರ ಮುದ್ರೆಯೂ ಪ್ರತಿಯಲ್ಲಿ ಮೂಡುತ್ತದೆ. ಆದರೆ ಕರಗಿದ ಲೋಹವು ಆರುವಾಗ ಕುಗ್ಗುವುದರಿಂದ ಪ್ರತಿಯು ತುಸು ಚಿಕ್ಕದಾಗುತ್ತದೆ. ಅಕ್ಷರಗಳ ಅಂಚು ಮೊಂಡಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಗುಳಿಗಳು ಕಾಣುವುದುಂಟು.

ಎರಡನೆಯ ಸಾಕ್ಷಿ ಲೋಹ. ಹಿಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಿಸಿದ ಬೆಳ್ಳಿಯ ಮೇಲೆ ಸಿಂಹ, ಲಂಗರು ಮತ್ತು ವರ್ಷಸೂಚಕವಾದ ಒಂದು ಅಕ್ಷರ ಇರುತ್ತಿದ್ದವು. 1000 ಭಾಗಗಳಲ್ಲಿ 925 ಭಾಗ ಬೆಳ್ಳಿಯಿದೆಯೆಂದು ಸಿಂಹ ಸಾರುತ್ತದೆ. ಲಂಗರು ಪರೀಕ್ಷೆ ನಡೆದ ಊರಿನ ಗುರುತು. ಇದು ದಿಟವೇ ಎಂಬುದನ್ನು ಆರ್ಕಿಮಿಡೀಸನ ವಿಧಾನದಿಂದ ಪರೀಕ್ಷಿಸಬಹುದು. ಬಿಲ್ಲೆಯನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ, ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಇಂಥ ಬೆಳ್ಳಿಗೆ ಅದು ಸುಮಾರು 10.4, ಹಿತ್ತಾಳೆಗೆ ಸುಮಾರು 8.5.

ಮೂರನೆಯದು ಕಿರೀಟದ ಆಕಾರ. 1901ರ ಅನಂತರದ ಅರಸರ ಕಾಲದಲ್ಲಿ ಬಿಲ್ಲೆಯ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗಿದ್ದವು. 1952ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಅವು ನಡುವೆ ತಗ್ಗಿದವು. ವರ್ಷದ ಅಕ್ಷರ 1915ನ್ನು ಹೇಳುತ್ತಿದ್ದು, ಕಿರೀಟ ಮಾತ್ರ ರಾಣಿಯದಾಗಿದ್ದರೆ ಎರಡೂ ನಿಜವಾಗಿರಲಾರವು. ಆದರೆ 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯು ಮತ್ತೆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡಿದ್ದರಿಂದ, ಕಿರೀಟವೊಂದನ್ನೇ ನಂಬುವುದೂ ಸಲ್ಲದು.

ಹಳೆಯ ಅಚ್ಚಿನಿಂದಲೇ ಹೊಸದಾಗಿ ಒತ್ತಿದ ಬಿಲ್ಲೆಗಳು ಎಲ್ಲಕ್ಕಿಂತ ಕಠಿನ ಸಮಸ್ಯೆ. ಅಲ್ಲಿ ಅಚ್ಚಿನ ಸವೆತ, ಬೆಸುಗೆ, ಹಿಂಬದಿಯ ಕೊಂಡಿಗಳನ್ನು ಅಸಲಿಯೊಂದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಮೋಸದಿಂದ ಹಣವಷ್ಟೇ ಹೋಗುವುದಿಲ್ಲ. ಯಾವ ಸೈನಿಕನೂ ಧರಿಸದ ವಸ್ತುವೊಂದು ಚರಿತ್ರೆಯ ಸಾಕ್ಷಿಯಾಗಿ ನಿಲ್ಲುತ್ತದೆ. ಆದುದರಿಂದ ನಾವು ಬಿಲ್ಲೆಯನ್ನು ಮೊದಲು ಪರೀಕ್ಷಿಸಿ, ಮುದ್ರೆಯನ್ನು ಕೊನೆಯಲ್ಲಿ ಓದುವುದು ಲೇಸು.