ಅಪ್ಪ ಯಾವ ಪಟಾಲಂ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ‘ಮಿಲ್ಟ್ರಿ’ ಎಂಬುದು ಎಲ್ಲವನ್ನೂ ಒಳಗೊಂಡ ಮಾತು. ಗಡಿಯಲ್ಲಿ ಬಂದೂಕು ಹಿಡಿದವರೂ ಮಿಲ್ಟ್ರಿ, ಲಾರಿ ಓಡಿಸಿದವರೂ ಮಿಲ್ಟ್ರಿ, ಸೇತುವೆ ಕಟ್ಟಿದವರೂ ಮಿಲ್ಟ್ರಿಯೇ. ಸೈನ್ಯದ ಲೆಕ್ಕ ಬೇರೆ. ಅಲ್ಲಿ ಕಾಲಾಳು ಪಡೆ, ಅಂದರೆ ಇನ್‌ಫೆಂಟ್ರಿ, ಪ್ರತ್ಯೇಕ. ಸುಮಾರು 800 ಜನರ ಒಂದು ಬೆಟಾಲಿಯನ್ನಿಗೆ ಸೇರಿದ ಸಿಪಾಯಿ ಸಾಮಾನ್ಯವಾಗಿ ಅದರಲ್ಲೇ ಇದ್ದು, ಅದರ ಜೊತೆಗೇ ಯುದ್ಧಕ್ಕೆ ಹೋಗಿ, ಅದರಿಂದಲೇ ನಿವೃತ್ತನಾಗುತ್ತಾನೆ. ಈಗ ಗೆಳೆಯರ ಗುಂಪಿಗೆ ತಮಾಷೆಗೆ ಹೇಳುವ ‘ಪಟಾಲಂ’ ಮೂಲತಃ ಇಂಥ ದಂಡಿನ ಹೆಸರು. ತಂದೆ ಕಂಡ ಯುದ್ಧವನ್ನು ಮಕ್ಕಳು ತಿಳಿಯಬೇಕಾದರೆ ಮೊದಲು ಹುಡುಕಬೇಕಾದದ್ದು ಪಟಾಲಮಿನ ಹೆಸರನ್ನೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ತಾಲ್ಲೂಕುಗಳ ಹುಡುಗನ ಮುಂದೆ ಎರಡು ಸೈನ್ಯಗಳಿದ್ದವು. ಊರು ಮಹಾರಾಜರದ್ದು, ಆದರೆ ಪಕ್ಕದ ಬೆಂಗಳೂರು ದಂಡು ಪ್ರದೇಶ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಮೈಸೂರು ಸಂಸ್ಥಾನದ ಪಡೆಗೂ ಸೇರಬಹುದಿತ್ತು, ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೂ ಸೇರಬಹುದಿತ್ತು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ಸೇರಿದ್ದರೆ ಅವರ ಕಾಗದಪತ್ರಗಳೂ ಬೇರೆ ಬೇರೆ ಕಡೆ ಹೋದವು. ಹುಡುಕುವವರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಸಂಸ್ಥಾನದ ಪಡೆ ಅಂದರೆ ಅರಮನೆ ಕಾವಲು, ದಸರಾ ಮೆರವಣಿಗೆ ಎಂದುಕೊಂಡರೆ ತಪ್ಪು. ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೈಫಾದಲ್ಲಿ ಕಾದಿದ್ದು ಎಲ್ಲರಿಗೂ ಗೊತ್ತು, ಅದು ಕುದುರೆ ದಂಡು. ಕಾಲಾಳುಗಳ ಕಥೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಮೈಸೂರು ಇನ್‌ಫೆಂಟ್ರಿಯ 1ನೇ ಬೆಟಾಲಿಯನ್ ಸಿಂಗಪುರದಲ್ಲಿದ್ದಾಗಲೇ ಜಪಾನೀಯರು ಬಂದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನದ ಮೇಲೆ ಸುಮಾರು 45,000 ಭಾರತೀಯ ಸಿಪಾಯಿಗಳನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕೂಡಿಸಿ ಜಪಾನೀಯರ ವಶಕ್ಕೆ ಕೊಡಲಾಯಿತು. ಅಲ್ಲಿಂದ ಮುಂದೆ ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು, ಉಳಿದವರು ಸೆರೆಯಾಳುಗಳಾದರು. ಅವರಲ್ಲಿ ಎಷ್ಟೋ ಮಂದಿಯನ್ನು ದೂರದ ನ್ಯೂಗಿನಿಯವರೆಗೆ ಕೂಲಿಗೆ ಸಾಗಿಸಲಾಯಿತು. ಸಮಾಧಿಯೂ ಸಿಗದೆ ಹೋದ 24,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿವೆ. ಈ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಅಂತರ್ಜಾಲ ಪಟ್ಟಿಯಲ್ಲಿ ಮನೆಯಿಂದಲೇ ನೋಡಬಹುದು. ಕನ್ನಡದ ಹೆಸರನ್ನು ಇಂಗ್ಲಿಷಿನ ಗುಮಾಸ್ತರು ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ. ನಾಲ್ಕೈದು ಬಗೆಯ ಕಾಗುಣಿತದಲ್ಲಿ ಹುಡುಕುವ ತಾಳ್ಮೆ ಬೇಕು.

ಸ್ವಾತಂತ್ರ್ಯದ ನಂತರ ಮೈಸೂರು ಇನ್‌ಫೆಂಟ್ರಿ ಭಾರತೀಯ ಸೈನ್ಯದಲ್ಲಿ ಲೀನವಾಗಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಈ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲಿಂಗ್ಟನ್, ಲಾಂಛನ ಆನೆ, ರಣಘೋಷದಲ್ಲಿ ಬರುವ ‘ಅಡಿ ಕೊಲ್ಲು’ ಎಂಬುದಕ್ಕೆ ಕನ್ನಡಿಗನಿಗೆ ಅರ್ಥ ಹೇಳಬೇಕಿಲ್ಲ.

1965, 1971ರ ಯುದ್ಧಗಳಲ್ಲಿದ್ದ ತಂದೆಯರು ಮನೆಯಲ್ಲಿ ಹೇಳಿದ್ದು ಕಡಿಮೆ. ‘ಚಳಿ ಭಾಳ ಇತ್ತು’, ‘ರೊಟ್ಟಿ ತಿಂದು ಸಾಕಾಗಿತ್ತು, ಮುದ್ದೆ ನೆನಪಾಗ್ತಿತ್ತು’ ಎಂಬಂಥ ಮಾತಿಗೆ ನಿಲ್ಲಿಸುತ್ತಿದ್ದರು. ಇದರಲ್ಲಿ ಬಿಗುಮಾನವೇನಿಲ್ಲ. ಕಾಲಾಳಿಗೆ ಕಾಣುವುದು ತನ್ನ ಮೋರ್ಚಾದ ಮುಂದಿನ ನೂರು ಮಾರು ನೆಲ, ಎಡಬಲದ ಇಬ್ಬರು ಜೊತೆಗಾರರು, ಅಷ್ಟೇ. ಮಿಕ್ಕ ಯುದ್ಧ ಪಟಾಲಮಿನ ಚರಿತ್ರೆಯಲ್ಲಿರುತ್ತದೆ. ಉದಾಹರಣೆಗೆ 1971ರ ಡಿಸೆಂಬರ್ 15ರ ರಾತ್ರಿ 16 ಮದ್ರಾಸ್ ಬೆಟಾಲಿಯನ್ ಬಸಂತರ್ ನದಿ ದಾಟಿ ಸರಾಜ್ ಚಕ್ ಹಿಡಿಯಿತು. ನೆಲದ ತುಂಬ ಮೈನುಗಳಿದ್ದವು. ಅರುಣ್ ಖೇತ್ರಪಾಲ್ ಮರುದಿನ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದದ್ದು ಇದೇ ಕಾಳಗದಲ್ಲಿ. ಅಪ್ಪ 16 ಮದ್ರಾಸಿನಲ್ಲಿದ್ದರು ಎಂದು ಗೊತ್ತಾದರೆ ಆ ಚಳಿ ಯಾವ ನದಿ ದಂಡೆಯದ್ದು ಎಂಬುದೂ ಗೊತ್ತಾಗುತ್ತದೆ.

ಪಟಾಲಮಿನ ಹೆಸರು ಸಿಗುವುದು ಎಲ್ಲಿ? ಡಿಸ್ಚಾರ್ಜ್ ಬುಕ್ಕಿನಲ್ಲಿ, ಅದಿಲ್ಲದಿದ್ದರೆ ಪದಕದಲ್ಲಿ. ಗುಂಡು ಪದಕವನ್ನು ಅಡ್ಡ ಹಿಡಿದು ಬೆಳಕಿಗೆ ತಿರುಗಿಸಿದರೆ ಅಂಚಿನ ಸುತ್ತ ನವಿರಾದ ಅಕ್ಷರಗಳು ಕಾಣುತ್ತವೆ: ಸಿಪಾಯಿಯ ನಂಬರು, ಹುದ್ದೆ, ಹೆಸರು, ರೆಜಿಮೆಂಟಿನ ಹ್ರಸ್ವ ರೂಪ. ಹಬ್ಬದ ಪಾತ್ರೆಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜಬಾರದು, ಅಕ್ಷರ ಸವೆದುಹೋಗುತ್ತದೆ. ಪದಕದ ಬಗೆಯೂ ಮಾತಾಡುತ್ತದೆ. 1965ರ ರಕ್ಷಾ ಪದಕ ಆಗ ಸೇವೆಯಲ್ಲಿದ್ದ ಬಹಳ ಜನರಿಗೆ ಸಿಕ್ಕಿತು. ಸಮರ ಸೇವಾ ಸ್ಟಾರ್ ಇದ್ದರೆ ಅವರು ಕಾರ್ಯಾಚರಣೆಯ ವಲಯದಲ್ಲೇ ಇದ್ದವರು. 1971ರಲ್ಲಿ ಪೂರ್ವದ ರಣರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್. ಮಲಯಾ, ಸಿಂಗಪುರಗಳಲ್ಲಿ ಕಾದಿದವರಿಗೆ ಪೆಸಿಫಿಕ್ ಸ್ಟಾರ್, ಬರ್ಮಾದವರಿಗೆ ಬರ್ಮಾ ಸ್ಟಾರ್.

ನಂಬರು ಸಿಕ್ಕ ಮೇಲೆ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಮದ್ರಾಸ್ ರೆಜಿಮೆಂಟಾದರೆ ವೆಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ. ಮೈಸೂರು ಸಂಸ್ಥಾನದ ಆಡಳಿತದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಅರ್ಜಿ ಹೇಗೆ ಬರೆಯಬೇಕೆಂದು ತಿಳಿಯದವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಬಹುದು.

ಒಂದು ವಿಷಯ ಮಾತ್ರ ತಡಮಾಡುವಂತಿಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸಿಪಾಯಿಯ ಸೇವಾ ದಾಖಲೆಯನ್ನು ಸೈನ್ಯ 25 ವರ್ಷ ಇಟ್ಟುಕೊಂಡು ನಂತರ ನಾಶಪಡಿಸುತ್ತದೆ. ಮಹಾಯುದ್ಧ ಮುಗಿದೊಡನೆ ಮನೆಗೆ ಕಳಿಸಿದವರಲ್ಲಿ ಪಿಂಚಣಿಯಿಲ್ಲದವರೇ ಬಹಳ. ಅಂಥವರ ಪಾಲಿಗೆ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಉಳಿದಿರುವ ಏಕೈಕ ದಾಖಲೆ ಆಗಿರಬಹುದು. ಹಳೆ ಮನೆ ಕೆಡವಿ ಟ್ರಂಕನ್ನು ಗುಜರಿಗೆ ಹಾಕುವ ಮುನ್ನ ಅದರ ತಳದಲ್ಲಿ ಹಾಸಿದ ಕಾಗದವನ್ನೂ ಎತ್ತಿ ನೋಡಿ.