ಪಾಚಿಗೆ ಹೆಬ್ಬೆರಳುದ್ದದ ಮೀನು, ಹೊಳೆಗೆ ಮೊಳದುದ್ದದ ಕಂಟಕ

ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಮೀನಿನ ತೊಟ್ಟಿ ಇಟ್ಟ ವರ್ತಕರು ಚಾಮರಾಜನಗರದಲ್ಲೂ ಉಂಟು, ಗುಂಡ್ಲುಪೇಟೆಯಲ್ಲೂ ಉಂಟು. ಗಿರಾಕಿ ಕಾಯುವ ಹೊತ್ತಿನಲ್ಲಿ ಕಣ್ಣಿಗೆ ತಂಪು. ಆದರೆ ತಿಂಗಳು ಕಳೆದರೆ ಸಾಕು, ಗಾಜಿಗೆ ಪಾಚಿ ಕಟ್ಟಿ ಮೀನೇ ಕಾಣದು. ಆಗ ಮೈಸೂರಿನಿಂದ ಒಂದು ‘ಸಕ್ಕರ್’ ಮೀನು ಬರುತ್ತದೆ. ಬುಟ್ಬುಡಿ ಸಾ, ಪಾಚಿಯೆಲ್ಲ ಅದೇ ತಿಂದಾಕ್ತದೆ ಅನ್ನೋದು ಮಾಮೂಲಿ ಮಾತು.

ತಿಂದಾಕುವುದೇನೋ ನಿಜ, ಎಳೆಯದರಲ್ಲಿ. ಎರಡಿಂಚಿನ ಮರಿ ಬೆಳೆದು ಒಂದಡಿ ಮೀರುತ್ತದೆ. ಎರಡಡಿ ತೊಟ್ಟಿಯಲ್ಲಿ ಅದು ತಿರುಗೋದಾದರೂ ಹೇಗೆ? ಗಿಡ ಕೀಳುತ್ತದೆ, ಹೊಲಸು ಮಾಡುತ್ತದೆ. ಕೊಲ್ಲಲು ಮನಸ್ಸು ಬಾರದೆ ಕೆರೆಗೆ ಬಿಟ್ಟು ‘ಪುಣ್ಯ’ ಕಟ್ಟಿಕೊಳ್ಳುತ್ತಾರೆ. ಕೇಡು ಇರುವುದು ಇಲ್ಲೇ. ದಕ್ಷಿಣ ಅಮೆರಿಕದ ಈ ಮೀನಿನ ಮೈಯೆಲ್ಲ ಎಲುಬಿನ ಕವಚ. ಮುಳ್ಳು ರೆಕ್ಕೆ ಬಲೆ ಹರಿಯುತ್ತದೆ. ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ನೀರು ಕೆಟ್ಟರೂ ಗಾಳಿ ನುಂಗಿ ಬದುಕುತ್ತದೆ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಆಗಲೇ ನೆಲೆಯೂರಿದೆ. ಬಲೆಗೆ ಬಿದ್ದರೆ ಕೊಳ್ಳುವವರಿಲ್ಲ. ಗುಂಡ್ಲು ಹೊಳೆ ಸೇರುವುದು ಕಬಿನಿಯನ್ನು, ಸುವರ್ಣಾವತಿ ಸೇರುವುದು ಕಾವೇರಿಯನ್ನು. ಕೆರೆ ಕೋಡಿ ಬಿದ್ದ ದಿನ ಆ ಮೀನಿಗೆ ಟಿಕೆಟ್ ಕೇಳುವ ಕಂಡಕ್ಟರ್ ಯಾರೂ ಇಲ್ಲ! ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಅಂತಾರಾಷ್ಟ್ರೀಯ ಪಟ್ಟಿ ಸೇರಿತು. ಇರುವ ಕಷ್ಟವೇ ಸಾಲದೆ?

ಹಾಗಾದರೆ ಪಾಚಿಗೆ ಮದ್ದೇನು? ಸಕ್ಕರ್ ಬಳಗದ್ದೇ ಆದ ಪುಟ್ಟ ಮೀನು ‘ಓಟೋ’. ಪೂರ್ತಿ ಹೆಸರು ಓಟೋಸಿಂಕ್ಲಸ್. ಎಷ್ಟು ಬೆಳೆದರೂ ಒಂದೂವರೆ ಎರಡಿಂಚು. ಎಲೆ ಹರಿಯದಂತೆ ಪಾಚಿಯನ್ನಷ್ಟೇ ಕೆರೆದು ತಿನ್ನುತ್ತದೆ. ಒಂಟಿ ಇರಲಾರದು, ಆರಾದರೂ ಬೇಕು. ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಅಲ್ಲಿನ ಹೊಳೆಗಳಲ್ಲಿ ಹಿಡಿದದ್ದು. ದಾರಿಯುದ್ದ ಉಪವಾಸ. ಅದಕ್ಕೇ ತಂದ ಹೊಸದರಲ್ಲಿ ಸಾಯುವುದು ಜಾಸ್ತಿ. ಕೊಳ್ಳುವಾಗ ಹೊಟ್ಟೆ ನೋಡಬೇಕು: ಗುಂಡಗಿದ್ದರೆ ಸರಿ, ಬೆನ್ನಿಗಂಟಿದ್ದರೆ ಬೇಡ. ಬಸ್ಸಿನಲ್ಲಿ ತರುವವರು ಚೀಲವನ್ನು ಇಂಜಿನ್ ಬಾನೆಟ್ ಮೇಲಿಟ್ಟರೆ ಊರು ತಲುಪುವಷ್ಟರಲ್ಲಿ ಸಾರಾಗಿರುತ್ತದೆ.

ಹೊಸ ತೊಟ್ಟಿಗೆ ಇದನ್ನು ಬಿಡಬಾರದು. ಎರಡು ಮೂರು ತಿಂಗಳು ಗಿಡ ಬೇರೂರಿ, ಪಾಚಿ ಹಿಡಿದಿರಬೇಕು. ಪಾಚಿ ತೀರಿದರೆ ಬಿಸಿನೀರಲ್ಲಿ ಬಾಡಿಸಿದ ಸೌತೆಕಾಯಿ ಬಿಲ್ಲೆ ರಾತ್ರಿ ಇಟ್ಟು ಬೆಳಿಗ್ಗೆ ತೆಗೆದರಾಯ್ತು. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ಹೋಗಲಾಡಿಸಬೇಕು. ಬೋರ್‌ವೆಲ್ ನೀರು ತೀರಾ ಗಡಸಾದರೆ ಶುದ್ಧ ಮಳೆನೀರು ಬೆರೆಸಬಹುದು.

ಮರಿ ಮಾಡಿಸುವುದು ತಾಳ್ಮೆಯ ಕೆಲಸ. ಹೊಟ್ಟೆ ದಪ್ಪಗಿರುವುದು ಹೆಣ್ಣು. ಕಾಲು ಭಾಗ ನೀರು ತೆಗೆದು ತುಸು ತಣ್ಣನೆಯ ನೀರು ಹುಯ್ದರೆ, ಮಳೆ ಬಂತೆಂದು ಗಂಡು ಬೆನ್ನು ಹತ್ತುತ್ತದೆ. ಎಲೆಗೆ, ಗಾಜಿಗೆ ರಾಗಿ ಕಾಳಿನಷ್ಟು ಮೊಟ್ಟೆ ಅಂಟಿಸುತ್ತದೆ, ಒಂದೊಂದೇ. ಎರಡು ಮೂರು ದಿನಕ್ಕೆ ಮರಿ. ಆ ಮರಿಗೆ ಬೇಕಾದ್ದು ಅದೇ ಪಾಚಿ! ಅಂಗಡಿ ಚೊಕ್ಕಟ ಮಾಡುವ ಹುಡುಗನ ಕೈಗೆ ತೊಟ್ಟಿಯ ಹಿಂದಿನ ಗಾಜು ಸಿಗದಂತೆ ನೋಡಿಕೊಳ್ಳಬೇಕು. ನಾಲ್ಕು ಮರಿ ಉಳಿದರೂ ಪಕ್ಕದ ಅಂಗಡಿಯವರು ಮೈಸೂರಿಗೆ ಹೋಗುವುದು ತಪ್ಪೀತು.

ಇನ್ನು, ಒಂದಡಿ ಬೆಳೆದ ಸಕ್ಕರ್ ಈಗಾಗಲೇ ಮನೆಯಲ್ಲಿರುವವರು ಮಾರಿದ ಅಂಗಡಿಯಲ್ಲೇ ವಾಪಸು ಕೇಳಿ ನೋಡಬೇಕು, ಇಲ್ಲವೇ ದೊಡ್ಡ ತೊಟ್ಟಿ ಉಳ್ಳವರನ್ನು ಹುಡುಕಬೇಕು. ದೊಡ್ಡರಸಿನ ಕೊಳಕ್ಕಂತೂ ಬೇಡ.