ಬಣ್ಣಕ್ಕಿಂತ ಮೊದಲು ಕಾವು

ಮೇಣದ ಚಿತ್ರಕಲೆ, ಅಂದರೆ ಎನ್‌ಕಾಸ್ಟಿಕ್, ಹವ್ಯಾಸಿಗಳ ಕೈಗೆ ಬರುವುದು ಸಾಮಾನ್ಯವಾಗಿ ಒಂದು ಭರವಸೆಯ ಜೊತೆಗೆ: ಚಿತ್ರ ಬಿಡಿಸಲು ಬಾರದವರೂ ಇದನ್ನು ಮಾಡಬಹುದು. ಬಣ್ಣ ಬೆರೆಸಿದ ಜೇನುಮೇಣವನ್ನು ಕರಗಿಸಿ ಹಲಗೆಯ ಮೇಲೆ ಹರಿಯಬಿಟ್ಟು ಬಿಸಿಗಾಳಿ ಊದಿದರೆ ಕಡಲೋ ಮೋಡವೋ ತಾನಾಗಿ ಮೂಡುತ್ತದೆ. ಮೂಡುವುದು ನಿಜ. ಆದರೆ ಹೀಗೆ ಮೂಡಿದ ಕಡಲುಗಳೆಲ್ಲ ಬಹುಬೇಗ ಒಂದೇ ಥರ ಕಾಣತೊಡಗುತ್ತವೆ, ಬೇಸರ ಬರುತ್ತದೆ, ಸಾಮಾನು ಅಟ್ಟ ಸೇರುತ್ತದೆ. ಇನ್ನೊಂದು ದಾರಿಯಿದೆ. ಅದನ್ನು ಹಿಡಿಯುವವರು ಬಣ್ಣದ ಡಬ್ಬಿಗಳಿಗೆ ಹಣ ಹಾಕುವ ಮುನ್ನ ಒಂದು ಥರ್ಮಾಮೀಟರ್ ಕೊಳ್ಳಬೇಕು. ಮೇಣಕ್ಕೆ ಎಷ್ಟು ಕಾವನ್ನು ಎಷ್ಟು ಹೊತ್ತು ಕೊಡಬೇಕೆಂಬ ಅರಿವಿನಲ್ಲೇ ಈ ಕಲೆಯ ಕಸುಬುಗಾರಿಕೆ ಇರುವುದು. ಅದು ಕೈಗೆ ಬಂದ ಮೇಲೆ ಬಣ್ಣ ಹೇಳಿದಂತೆ ಕೇಳುತ್ತದೆ.

ಇದಕ್ಕೆ ಹಳೆಯ ಸಾಕ್ಷಿ ಈಜಿಪ್ಟಿನ ಫಯೂಮ್ ಮುಖಚಿತ್ರಗಳು. ರೋಮನ್ ಆಳ್ವಿಕೆಯ ಕಾಲದಲ್ಲಿ, ಮುಖ್ಯವಾಗಿ ಕ್ರಿ.ಶ. 1ರಿಂದ 3ನೇ ಶತಮಾನದ ನಡುವೆ, ತೆಳುವಾದ ಮರದ ಹಲಗೆಗಳ ಮೇಲೆ ಬರೆದು, ಮಮ್ಮಿಯ ಮುಖವಿರುವ ಜಾಗದಲ್ಲಿ ಬಟ್ಟೆಯ ಸುತ್ತುಗಳೊಳಗೆ ಸೇರಿಸಿದ ಚಿತ್ರಗಳಿವು. ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1888ರಲ್ಲಿ ಹವಾರಾ ಎಂಬಲ್ಲಿ ಅಗೆದಾಗ ಇವು ದೊಡ್ಡ ಸಂಖ್ಯೆಯಲ್ಲಿ ಹೊರಬಂದವು. ಇಂದು ಲೋಕದ ಹಲವು ಮ್ಯೂಸಿಯಂಗಳಲ್ಲಿ ಒಟ್ಟು ಸುಮಾರು 900 ಇವೆ. ಕೆಲವು ನೀರಿನಲ್ಲಿ ಕಲಸುವ ಟೆಂಪೆರಾ ಬಣ್ಣದಲ್ಲಿವೆ, ಅತಿ ಜೀವಂತವಾಗಿ ಕಾಣುವ ಹಲವು ಮೇಣದಲ್ಲಿವೆ. ಮೇಣದವುಗಳನ್ನು ಹತ್ತಿರದಿಂದ ನೋಡಿದರೆ ಬಟ್ಟೆ ಮತ್ತು ಹಿನ್ನೆಲೆಯನ್ನು ಅಗಲ ಕುಂಚದಿಂದ ಬೀಸಿ ಎಳೆದಿರುವುದೂ, ಕೆನ್ನೆ ಮೂಗುಗಳಲ್ಲಿ ಗಟ್ಟಿ ಉಪಕರಣದಿಂದ ಒತ್ತಿದ ಚಿಕ್ಕ ಚಿಕ್ಕ ಗೆರೆಗಳು ಒಂದರ ಪಕ್ಕ ಒಂದು ಕೂತಿರುವುದೂ ಕಾಣುತ್ತದೆ. ಆ ಕಲಾವಿದರು ಮೇಣವನ್ನು ಬಿಸಿಯಾಗಿಯೇ ಬಳಸಿದರೋ, ಮೊದಲೇ ಹದಮಾಡಿ ತಣ್ಣಗೆ ಬಳಸಿದರೋ ಎಂಬುದು ವಿದ್ವಾಂಸರ ನಡುವೆ ಇನ್ನೂ ತೀರದ ಚರ್ಚೆ. ಬಿಸಿಯಾಗಿ ಬಳಸಿದ್ದಾದರೆ, ಕುಂಚ ಪಾತ್ರೆಯಿಂದ ಹಲಗೆಗೆ ಹೋಗುವಷ್ಟರಲ್ಲೇ ಮೇಣ ಗಟ್ಟಿಯಾಗತೊಡಗುತ್ತದೆ. ತೈಲವರ್ಣದಲ್ಲಿ ಗಂಟೆಗಟ್ಟಲೆ ತೀಡಿ ಬೆರೆಸುವ ಸೌಕರ್ಯ ಇಲ್ಲಿಲ್ಲ. ಹಾಗಿದ್ದರೆ ಅಲ್ಲಿನ ಪ್ರತಿ ಗೆರೆಯೂ ಕಾವಿನ ಲೆಕ್ಕ ಹಾಕಿಯೇ ಎಳೆದದ್ದು.

ಇದೇ ಗುಣವನ್ನು ಇಪ್ಪತ್ತನೇ ಶತಮಾನದಲ್ಲಿ ಲಾಭವಾಗಿ ಕಂಡವರು ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್. ಅವರ ಹೆಸರಾದ ‘ಫ್ಲ್ಯಾಗ್’ (1954–55) ಶುರುವಾದದ್ದು ಗೋಡೆಗೆ ಬಳಿಯುವಂಥ ಎನಾಮಲ್ ಬಣ್ಣದಲ್ಲಿ. ಅದು ಬೇಗ ಒಣಗದೆ, ಒಂದು ಗೆರೆಯ ಮೇಲೆ ಇನ್ನೊಂದು ಎಳೆದರೆ ಮೊದಲಿನದು ಕೆಡುತ್ತಿತ್ತು. ಮೇಣಕ್ಕೆ ಬದಲಾಯಿಸಿದ ಮೇಲೆ ಪ್ರತಿ ಗೆರೆಯೂ ಕೂಡಲೇ ತಣಿದು ತನ್ನ ಜಾಗದಲ್ಲಿ ನಿಂತಿತು, ಕೆಳಗೆ ಅಂಟಿಸಿದ್ದ ಪತ್ರಿಕೆ ಚೂರುಗಳೂ ಮೇಣದೊಳಗಿಂದ ಇಣುಕಿದವು. ಹೊಸಬರಿಗೆ ಇದರಲ್ಲಿ ಒಂದು ಪಾಠವಿದೆ. ಆದರೆ ತಣಿದು ನಿಲ್ಲುವುದಷ್ಟೇ ಸಾಲದು. ಹೊಸ ಪದರ ಹಾಕಿದಾಗಲೆಲ್ಲ ಅದನ್ನು ಮತ್ತೆ ಕಾಯಿಸಿ ಕೆಳಗಿನ ಪದರದೊಂದಿಗೆ ಬೆಸೆಯಬೇಕು. ಬೆಸುಗೆ ಕಡಿಮೆಯಾದರೆ ತಿಂಗಳುಗಳ ನಂತರ ಚಕ್ಕೆ ಏಳುತ್ತದೆ, ಹೆಚ್ಚಾದರೆ ಕೆಳಗಿನದೂ ಕರಗಿ ಗೆರೆಗಳೆಲ್ಲ ಕಲಸಿಹೋಗುತ್ತವೆ. ಮೇಲ್ಮೈ ಒದ್ದೆಯಾದಂತೆ ಹೊಳೆಯುವ ಆ ಒಂದು ಕ್ಷಣಕ್ಕೆ ಶಾಖವನ್ನು ಹಿಂತೆಗೆಯುವುದೇ ಇಲ್ಲಿನ ವಿದ್ಯೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುವ ಕುಶಲಕರ್ಮಿಯದೂ ಹತ್ತಿರದ ಸಂಬಂಧದ ವಿದ್ಯೆಯೇ. ಅಲ್ಲಿ ಶಾಖ ಹುಟ್ಟುವುದು ಉಜ್ಜಾಟದಿಂದ. ಅರಗು ಎಷ್ಟು ಕರಗಬೇಕೆಂದು ತೀರ್ಮಾನಿಸುವುದು ಕೈಯ ಒತ್ತಡ.

ಹಾಗಾದರೆ ಮನೆಯಲ್ಲಿ ಏನು ಬೇಕು? ಶುದ್ಧ ಜೇನುಮೇಣ 62ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಕೆಲಸಕ್ಕೆ ಹದವಾದ ಶಾಖ 80ರಿಂದ 95 ಡಿಗ್ರಿ. ಗ್ಯಾಸ್ ಒಲೆ ಬೇಡವೇ ಬೇಡ. ವಿದ್ಯುತ್ ಹಾಟ್‌ಪ್ಲೇಟ್ ಮೇಲೆ ದಪ್ಪನೆಯ ಹಳೆಯ ದೋಸೆ ಕಾವಲಿ, ಅದರ ಮೇಲೆ ಬಣ್ಣಕ್ಕೊಂದರಂತೆ ಪುಟ್ಟ ಸ್ಟೀಲ್ ಬಟ್ಟಲು ಇಟ್ಟರೆ ಸಾಕು (ಆ ಕಾವಲಿ ಮತ್ತೆ ಅಡುಗೆಗೆ ಹೋಗಬಾರದು). ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನಡೆಯದು, ಅದರ ಅಳತೆ ದೇಹದ ಶಾಖಕ್ಕೇ ಮುಗಿಯುತ್ತದೆ. ಕಾರ್ಖಾನೆ ಕೆಲಸದ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಅದನ್ನೂ ಹೊಳೆಯುವ ಲೋಹಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ, ಮೇಣಕ್ಕೇ ಗುರಿಯಿಡಬೇಕು. ನೈಲಾನ್ ಕುಂಚದ ಎಳೆ ಬಾಗಿ ಸೊಟ್ಟಗಾಗುತ್ತದಾದ್ದರಿಂದ ಹಂದಿಕೂದಲಿನ ಕುಂಚವೇ ಸರಿ. ಬೆಸುಗೆಗೆ ಹಾರ್ಡ್‌ವೇರ್ ಅಂಗಡಿಯ ಹೀಟ್ ಗನ್ ಸಾಕು. ಹೇರ್ ಡ್ರೈಯರ್‌ನಲ್ಲಿ ಗಾಳಿ ಜಾಸ್ತಿ, ಕಾವು ಕಡಿಮೆ. ಕ್ಯಾನ್ವಾಸ್ ಬಾಗಿದರೆ ಮೇಣ ಬಿರುಕು ಬಿಡುತ್ತದೆ. ಆದ್ದರಿಂದ ಗಟ್ಟಿಯಾದ, ಮೇಣ ಹೀರುವ ಪ್ಲೈವುಡ್ ಹಲಗೆ ಬೇಕು. ಅದಕ್ಕೆ ಮಾಮೂಲಿ ಅಕ್ರಿಲಿಕ್ ಗೆಸ್ಸೊ ಎಂಬ ತಳಬಣ್ಣ ಬಳಿದರೆ ಮೇಣಕ್ಕೆ ಹಿಡಿತ ಸಿಗದು.

ಕೆಲವರು ಮೇಣಕ್ಕೆ ಡಾಮರ್ ರಾಳ ಬೆರೆಸುತ್ತಾರೆ, ತೂಕದಲ್ಲಿ ಸುಮಾರು 8 ಪಾಲು ಮೇಣಕ್ಕೆ 1 ಪಾಲು. ಮೇಲ್ಮೈ ಗಟ್ಟಿಯಾಗಿ ಹೊಳಪು ಬರುತ್ತದೆ. ಆದರೆ ರಾಳ ಕರಗಲು ಇನ್ನೂ ಹೆಚ್ಚು ಶಾಖ ಬೇಕು, ಮತ್ತು ಆರಂಭದಲ್ಲೇ ಆ ಗಡಿಗೆ ಹೋಗುವುದು ಜಾಣತನವಲ್ಲ. ಬರಿಯ ಮೇಣದಲ್ಲಿ ಕೈ ಪಳಗಲಿ. ಟರ್ಪೆಂಟೈನಿನಲ್ಲಿ ಕರಗಿಸಿದ ಡಾಮರ್ ವಾರ್ನಿಶ್ ಅಂತೂ ಬಿಸಿ ಕಾವಲಿಯ ಹತ್ತಿರ ಸುಳಿಯಲೇಬಾರದು, ಅದರ ಆವಿ ಹೊತ್ತಿಕೊಳ್ಳುತ್ತದೆ.

ಬೆಂಕಿ, ಹೊಗೆ ಎಂದ ಕೂಡಲೇ ಮಕ್ಕಳಿರುವ ಮನೆಗೆ ಇದು ತಕ್ಕುದೇ ಎಂಬ ಆಕ್ಷೇಪ ಬರುತ್ತದೆ. ಬರಬೇಕಾದ್ದೇ. ಆದರೆ ಅಪಾಯದ ಬಹುಪಾಲು ಒಂದೇ ಕಡೆಯಿಂದ ಬರುತ್ತದೆ: ಶಾಖ ಮೀರುವುದು. 105 ಡಿಗ್ರಿಯ ಒಳಗೆ ಮೇಣ ಜೇನಿನ ವಾಸನೆ ಬೀರುತ್ತದೆ. ಅದನ್ನು ದಾಟಿ ಏರುತ್ತ ಹೋದಂತೆ ಕಣ್ಣು ಗಂಟಲು ಉರಿಸುವ ಹೊಗೆ ಶುರುವಾಗುತ್ತದೆ. ಹೊಗೆ ಕಂಡರೆ ಕೆಲಸ ತಪ್ಪಿದೆ ಎಂದೇ ಅರ್ಥ. ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇರಲಿ. ಹೊತ್ತಿಕೊಂಡ ಮೇಣಕ್ಕೆ ನೀರು ಹಾಕಿದರೆ ಅದು ಸಿಡಿದು ಹರಡುತ್ತದೆ, ಮುಚ್ಚಳ ಮುಚ್ಚಿ ಆರಿಸಬೇಕು. ಬೆಂಕಿಗಿಂತ ಹೆಚ್ಚು ಮರೆತುಹೋಗುವ ಅಪಾಯ ಬಣ್ಣದ ಪುಡಿಯದು. ಕ್ಯಾಡ್ಮಿಯಂ, ಸೀಸ ಇರುವ ಪುಡಿಗಳು ಉಸಿರಿಗೆ ಹೋಗಬಾರದು. ಟ್ಯೂಬಿನ ತೈಲವರ್ಣವನ್ನು ರಟ್ಟಿನ ಮೇಲೆ ಹಿಂಡಿ, ಎಣ್ಣೆ ಇಳಿದ ಮೇಲೆ ಸ್ವಲ್ಪವೇ ಮೇಣಕ್ಕೆ ಬೆರೆಸುವುದು ಮನೆಗೆ ಕ್ಷೇಮ; ಅಲ್ಲೂ ಟ್ಯೂಬಿನ ಮೇಲಿನ ಹೆಸರು ಓದಿಯೇ ಆರಿಸಬೇಕು. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬಹುದು ಎಂಬ ಜಾಹೀರಾತಿನ ಮಾತನ್ನು ಮಾತ್ರ ಒಪ್ಪಲಾಗದು.

ಎರಡನೆಯ ಆಕ್ಷೇಪ ನಮ್ಮ ಹವೆಯದು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವಾಗ ಗೋಡೆಯ ಚಿತ್ರ ಇಳಿದುಬಿಡುವುದಿಲ್ಲವೇ? ಈಜಿಪ್ಟಿನ ಚಿತ್ರಗಳು ಉಳಿದಿವೆಯಲ್ಲ ಎನ್ನುವುದು ಪೂರ್ತಿ ಉತ್ತರವಲ್ಲ, ಅವು ಇದ್ದದ್ದು ಮರಳಿನಡಿಯ ತಂಪಿನಲ್ಲಿ. ಇದಕ್ಕಿಂತ ಪ್ರಾಚೀನ ರೋಮಿನ ಲೇಖಕ ಪ್ಲಿನಿಯ ಮಾತು ಹೆಚ್ಚು ಉಪಯುಕ್ತ: ಹಡಗಿಗೆ ಬಳಿದ ಮೇಣದ ಬಣ್ಣ ಬಿಸಿಲಿಗೂ ಉಪ್ಪಿಗೂ ಗಾಳಿಗೂ ಕೆಡುವುದಿಲ್ಲ ಎಂದು ಆತ ಬರೆದಿದ್ದಾನೆ. ಲೆಕ್ಕವೂ ಹಾಗೇ ಹೇಳುತ್ತದೆ. 42 ಡಿಗ್ರಿಗೂ ಕರಗುವ ಬಿಂದುವಿಗೂ ನಡುವೆ ಇಪ್ಪತ್ತು ಡಿಗ್ರಿ ಅಂತರವಿದೆ. ಇಳಿಯದಿದ್ದರೂ ಮೇಣ ಮೆದುವಾಗುತ್ತದೆ, ಉಗುರು ತಾಗಿದರೆ ಗುರುತು ಬೀಳುತ್ತದೆ. ನೇರ ಬಿಸಿಲು ಬೀಳುವ ಗೋಡೆ, ಬಿಸಿಲಲ್ಲಿ ನಿಲ್ಲಿಸಿದ ಕಾರು ಎರಡೂ ನಿಷಿದ್ಧ. ಅತ್ತ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದೇ ಮೇಣ ತನ್ನ ಬಲ ತೋರುತ್ತದೆ: ಜಲವರ್ಣದ ಹಾಳೆಗೆ ಬೂಷ್ಟು ಹಿಡಿಯುವ ಹೊತ್ತಿನಲ್ಲಿ ತೇವ ಇದರೊಳಗೆ ಇಳಿಯದು. ಮೇಲೆ ಬೆಳ್ಳಗೆ ಮಬ್ಬು ಕಂಡರೆ ಅದು ಹೆಚ್ಚಾಗಿ ಮೇಣದೊಳಗಿಂದಲೇ ಮೇಲೆ ಬರುವ ತೆಳು ಪದರ (ಬ್ಲೂಮ್), ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಹಲಗೆಯ ಹಿಂಬದಿಗೂ ಮೇಣ ಬಳಿದರೆ ಸೊಟ್ಟಗಾಗುವುದು ತಪ್ಪುತ್ತದೆ.

ದುಬಾರಿ ಎನ್ನುವವರ ಮಾತು ಅರ್ಧ ಸರಿ. ಆಮದು ಮಾಡಿದ ಬಣ್ಣದ ಬಿಲ್ಲೆಗಳು ದುಬಾರಿಯೇ. ಆದರೆ ಮುಖ್ಯ ಸರಕಾದ ಮೇಣ ಶಿರಸಿ, ಕೊಡಗಿನ ಕಡೆಯ ಜೇನು ಸಾಕಣೆದಾರರ ಬಳಿ ಇದೆ. ಪ್ಯಾರಾಫಿನ್ ಬೆರಕೆಯನ್ನು ಗಮನಿಸಬೇಕು: ಒಳ್ಳೆಯ ಜೇನುಮೇಣ ಅಂಗೈಯ ಬಿಸಿಗೆ ಮಣಿಯುತ್ತದೆ, ಪ್ಯಾರಾಫಿನ್ ಪಟ್ಟನೆ ಮುರಿಯುತ್ತದೆ. ಸಾದಾ ಹಳದಿ ಮೇಣ ನೀಲಿಯನ್ನು ಹಸಿರಿಗೆ ಎಳೆಯುತ್ತದೆ. ಹಾಗಾಗಿ ಮೊದಲ ಹಲಗೆಗಳಿಗೆ ಗೇರುಕೆಂಪು, ಕಂದು, ಕಪ್ಪು ಸಾಕು, ಫಯೂಮಿನವರೂ ಮುಖದ ಬಹುಪಾಲನ್ನು ಇಂಥ ಮಣ್ಣಿನ ಬಣ್ಣಗಳಲ್ಲೇ ಮುಗಿಸಿದ್ದರು. ಕೆಟ್ಟ ಚಿತ್ರವೂ ಇಲ್ಲಿ ನಷ್ಟವಲ್ಲ. ಬಿಸಿ ಮಾಡಿ ಕೆರೆದರೆ ಹಲಗೆ ಮತ್ತೆ ಖಾಲಿ, ಕೆರೆದ ಮೇಣವನ್ನೆಲ್ಲ ಒಟ್ಟು ಕರಗಿಸಿದರೆ ಬರುವ ಬೂದುಗಂದು ಬಣ್ಣ ಮುಂದಿನ ಚಿತ್ರದ ತಳಪದರಕ್ಕೆ ಆಗುತ್ತದೆ.